ಹಡಗಿನ ಪಟದ ಅಮಾವಾಸ್ಯೆ

ಚನಮಲ್ಲಪ್ಪ ಸರ್ ನನ್ನ ಆಟದ ಪಟದ ಕಪ್ಪು ಮನೆಗಳ ಮೇಲೆ ಬಿಳಿ ಕಾಗದ ಅಂಟಿಸುತ್ತಿದ್ದರು. ಅವರ ಬೆರಳಿಗೆ ಮೆತ್ತಿದ ಗೋಂದು ಕಂಡರೂ ನನಗೆ ಹೇಸಿಗೆಯಾಗುತ್ತಿತ್ತು. ಅವರು ಜಮಖಂಡಿಯ ನಮ್ಮ ಕಾಲೇಜಿನ ಎಂ.ಕಾಂ. ವಿಭಾಗದ ಮುಖ್ಯಸ್ಥರು. ನಾನು ರಬಕವಿಯಿಂದ ದಿನಾ ಬಸ್ಸಿಗೆ ಬರುವ ಅತಿಥಿ ಉಪನ್ಯಾಸಕಿ. ಮರುದಿನ ವಿಶ್ವವಿದ್ಯಾಲಯದ ಸಮಿತಿ ಬರಲಿತ್ತು. ಮುಂದಿನ ವರ್ಷ ನಾನು ಇಲ್ಲಿರಬೇಕೋ ಬೇಡವೋ ಎಂದು ಬರೆದುಕೊಡುವ ಕೈಯೂ ಆ ಗೋಂದು ಮೆತ್ತಿದ ಕೈಯೇ.

ಪಟ ಮಾಡಿದ್ದು ನಾನು. ಹಡಗು ಸಾಗಣೆಯ ಪಾಠ ಮಾಡಬೇಕು, ತರಗತಿಯಲ್ಲಿ ಸಮುದ್ರ ಕಂಡವರು ಒಬ್ಬರೂ ಇಲ್ಲ. ಬೀಳಗಿಯ ಹಿನ್ನೀರೇ ಅವರಿಗೆ ದೊಡ್ಡ ನೀರು. ಎರಡು ತಿಂಗಳು ನೋಟ್ಸ್ ಬರೆಸಿ ನನಗೇ ಸಾಕಾಗಿ, ಸೀರೆ ಪೆಟ್ಟಿಗೆಯ ರಟ್ಟು ಜೋಡಿಸಿ ಬನಹಟ್ಟಿಯಿಂದ ಮುಂಬೈ ಬಂದರಿಗೆ, ಅಲ್ಲಿಂದ ದುಬೈಗೆ ಸಾಲಾಗಿ ಮನೆಗಳನ್ನು ಎಳೆದೆ. ಒಂದು ಸಲ ದಾಳ ಹಾಕಿದರೆ ಒಂದು ದಿನ. ದಾಳ ಬಿದ್ದಷ್ಟು ಮನೆ ಮಾಲು ಮುಂದೆ ಹೋಗಬೇಕು, ನಿಗದಿಯಾದ ದಿನದೊಳಗೆ ಬಂದರು ಮುಟ್ಟದಿದ್ದರೆ ಹಡಗು ಬಿಟ್ಟು ಹೋಗುತ್ತದೆ. ತರಗತಿಯಲ್ಲಿದ್ದ ಬನಹಟ್ಟಿಯ ನೇಕಾರರ ಮನೆಯ ಅಂಜನಾ, ಕಾಯಿಗಳಾಗಲಿ ಎಂದು ಮಗ್ಗದಲ್ಲಿ ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ತಂದುಕೊಟ್ಟಳು.

ಮೊದಲ ಆಟದಲ್ಲೇ ಅವಳು ಕಂಡಿಕೆಯನ್ನು ಬನಹಟ್ಟಿಯಲ್ಲೇ ಹಿಡಿದು ಕೂತಳು.

“ಇವತ್ತ ಅಮಾಸಿರಿ ಮೇಡಂ. ಅಮಾಸಿ ದಿನ ಮಗ್ಗ ಹಚ್ಚಂಗಿಲ್ಲ. ಮಾಲ ಹೆಂಗ ಹೊರಗ ಬೀಳತೈತ್ರಿ?”

ಹಡಗು ನಿಮ್ಮ ಅಮಾವಾಸ್ಯೆ ಕೇಳುವುದಿಲ್ಲ ಎಂದು ಗದರಿದೆ. ಅವಳು ಹಟ ಬಿಡಲಿಲ್ಲ. ಹಡಗು ತಪ್ಪಿ ಸೋತಳು. ಮುಂದಿನ ವಾರ ಗೋಡೆಯ ಕ್ಯಾಲೆಂಡರನ್ನೇ ಕಿತ್ತುಕೊಂಡು ಬಂದಳು. ಹಡಗು ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ, ನಡುವೆ ಬರುವ ಅಮಾವಾಸ್ಯೆಯನ್ನು ಕಳೆದು, ಮಾಲನ್ನು ಮೂರು ದಿನ ಮೊದಲೇ ಹೊರಡಿಸಿ ಗೆದ್ದಳು. ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡರೂ ಯಾರ ತಲೆಗೂ ಹೋಗದ ವಿಷಯ ಅದು. ಹುಡುಗರೆಲ್ಲ ಸೇರಿ, ಮಾಲು ಒಂದು ದಿನ ನಿಲ್ಲಬೇಕಾದ ಅಮಾವಾಸ್ಯೆಯ ಮನೆಗಳನ್ನು ಗುರುತಿಸಿ ಕಪ್ಪು ಬಣ್ಣ ಬಳಿದರು. ಅಂದು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಊರಿಗೆ ಹೋದೆ.

ಆ ಮನೆಗಳ ಮೇಲೆಯೇ ಈಗ ಬಿಳಿ ಕಾಗದ. ಸಮಿತಿಯವರು ನಮ್ಮನ್ನು ಮೂಢರು ಅಂದುಕೊಳ್ಳುತ್ತಾರೆ ಎಂಬುದು ಸರ್ ವಾದ. ಆಟದಲ್ಲಿ ಹಡಗು ತಡವಾಗಲೆಂದು ನಾನು ಬರೆದಿಟ್ಟಿದ್ದ ಬಿರುಗಾಳಿಯ ಚೀಟಿಗಳು ಅಪಶಕುನವೆಂದು ಡ್ರಾಯರ್ ಸೇರಿದವು. ಮೂಢರು ಯಾರು ಎಂದು ಕೇಳುವ ಧೈರ್ಯ ನನಗೆಲ್ಲಿತ್ತು? ಕೊನೆಗೆ ದಾಳದ ಸರದಿ ಬಂತು. ದೊಡ್ಡವರ ಮುಂದೆ ಹಡಗು ತಪ್ಪಬಾರದು, ದಾಳ ಏನೇ ಬೀಳಲಿ ಆರು, ನಾಲ್ಕು, ಆರು, ಐದು ಮನೆ ನಡೆಸಬೇಕೆಂದು ಅಂಜನಾಳಿಗೆ ಬಾಯಿಪಾಠ ಮಾಡಿಸಿ, ದೂರದಿಂದ ದಾಳ ಯಾರು ನೋಡುತ್ತಾರೆ ಎಂದರು ಸರ್. ನಾನು ಆಗಲಿ ಸರ್ ಎಂದೆ. ಹಾಗೆಂದ ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯವಾಯಿತು.

ಮಧ್ಯಾಹ್ನವೆಲ್ಲ ನಾನೇ ನಿಂತು ಬಾಯಿಪಾಠ ಮಾಡಿಸಿದೆ. ದಾಳ ಬೇರೆ ಬಿದ್ದರೆ ಏನು ಮಾಡಲಿ ಎಂದು ಅಂಜನಾ ಒಮ್ಮೆ ಕೇಳಿದಳು. ನೀನು ಸುಮ್ಮನೆ ಕಾಯಿ ನಡೆಸು ಎಂದೆ.

ಮರುದಿನ ಸಮಿತಿಯ ಹಿರಿಯರೊಬ್ಬರು ಗೋಡಂಬಿ ಮೆಲ್ಲುತ್ತ ಬಂದರು. ಈ ಆಟ ತಮಗೆ ಹೇಗೆ ಹೊಳೆಯಿತು ಎಂದು ಚನಮಲ್ಲಪ್ಪ ಸರ್ ವಿವರಿಸಿದರು. ನಾನು ಅವರ ಹಿಂದೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಹಿರಿಯರಿಗೆ ಹುರುಪು ಬಂದು, ಮೊದಲ ದಾಳ ನಾನೇ ಹಾಕುತ್ತೇನೆ ಎಂದರು. ದಾಳ ಪಟದ ನಡುವೆ, ಎಲ್ಲರ ಕಣ್ಣೆದುರು ಬಿತ್ತು. ಎರಡು. ಅಂಜನಾ ತಲೆಯೆತ್ತಿ ನನ್ನನ್ನು ನೋಡಿದಳು. ನಡೆಸು ಎಂಬಂತೆ ನಾನು ತಲೆಯಾಡಿಸಿದೆ.

ಅವಳು ಆರು ಮನೆ ನಡೆಸಿದಳು.

ಹಿರಿಯರು ಚಪ್ಪಾಳೆ ತಟ್ಟಿದರು. ಇಂಥ ಕಲಿಕೆ ದೊಡ್ಡ ಊರುಗಳಲ್ಲೂ ಇಲ್ಲ ಎಂದರು. ಅವರ ಬಾಯಿಂದ ಗೋಡಂಬಿಯ ಚೂರು ದುಬೈ ಮೇಲೆ ಬಿತ್ತು, ಅದನ್ನು ಸರ್ ತಮ್ಮ ಕರ್ಚೀಫಿನಿಂದ ಒರೆಸಿದರು. ಸಂಜೆಯೊಳಗೆ ನನ್ನ ಶಿಫಾರಸು ಪತ್ರಕ್ಕೆ ಸಹಿಯಾಯಿತು. ಅದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳಕ್ಕೆ ತುರುಕಿದೆ.

ಸೋಮವಾರ ತರಗತಿಯಲ್ಲಿ ಬಿಳಿ ಕಾಗದ ಕಿತ್ತೆ. ಅದರ ಜೊತೆ ಕಪ್ಪು ಬಣ್ಣವೂ ಕಿತ್ತುಬಂತು. ಮತ್ತೆ ಬಳಿದೆ. ಬಿರುಗಾಳಿಯ ಚೀಟಿಗಳನ್ನು ಹೊರತೆಗೆದೆ, ಇನ್ನು ಮೊದಲಿನಂತೆ ಆಡೋಣ ಎಂದು ಅಂಜನಾಳ ಕೈಗೆ ದಾಳ ಕೊಟ್ಟೆ. ಅವಳು ಹಾಕಲಿಲ್ಲ. ಮುಖದಲ್ಲಿ ಕುಚೋದ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಒಂದು ಮುಷ್ಟಿಯಲ್ಲಿ ದಾಳ ಹಿಡಿದು, ಇನ್ನೊಂದು ಕೈಯಿಂದ ನೋಟ್‌ಬುಕ್ ತೆರೆದಳು. ಹಿಂದಿನ ಬೆಂಚಿನವರೂ ಪೆನ್ನು ತೆಗೆದರು.

“ಎಷ್ಟ ಬೀಳಬೇಕು ಅಂತ ಮೊದಲ ಹೇಳ್ರಿ ಮೇಡಂ,” ಎಂದಳು. “ಬರಕೋತೀವಿ.”