ಬಣ್ಣ ನಿಂತಿದೆ, ನರ ನಿಂತಿಲ್ಲ

ಹತ್ತೊಂಬತ್ತು ವರ್ಷದಿಂದ ಪ್ರಯೋಗಾಲಯದಲ್ಲಿ ಮಿದುಳು ಕತ್ತರಿಸುವುದೇ ನನ್ನ ಕೆಲಸ. "ಮನೇಲಿ ನಮ್ಮ ತಲೆ ತಿನ್ನೋದು ಸಾಲದೇನೆ?" ಎಂದು ಅತ್ತೆ ನಗುತ್ತಾರೆ. ವಜ್ರದ ಅಲಗಿನಲ್ಲಿ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗೆ ಹೋಳು ಮಾಡುತ್ತೇನೆ. ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುತ್ತವೆ.

ಕಣ್ಣು ಕಂಡದ್ದು ಮಿದುಳಿನ ಮೇಲ್ಪದರಕ್ಕೆ ಹೋಗುವ ದಾರಿಯಲ್ಲಿ ಥಲಾಮಸ್ ಎಂಬ ಭಾಗ ಸಿಗುತ್ತದೆ. ಮಿದುಳಿನ ಬುಡದಿಂದ ಅಲ್ಲಿಗೆ ಬರುವ ನರತುದಿಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಸಿ ನೋಟವನ್ನು ಎಚ್ಚರವಾಗಿಡುತ್ತವೆ. ಆ ತುದಿಗಳಿಗೆ ಕಪ್ಪು ಬಣ್ಣ ಹಿಡಿಸಿ, ಯಾವ ಕೋಶಕ್ಕೆ ಬೆಸೆದುಕೊಂಡಿವೆ ಎಂದು ನಾವು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೋಳಿನಿಂದ ಹೋಳಿಗೆ ಹುಡುಕುತ್ತೇವೆ.

ಹೊಸ ಪ್ರೊಫೆಸರ್ ಬಂದು ಆರು ತಿಂಗಳಲ್ಲೇ ತೀರ್ಪು ಕೊಟ್ಟರು: ಬಹುಪಾಲು ತುದಿಗಳಿಗೆ ಬೆಸುಗೆಯೇ ಇಲ್ಲ. ಲೇಖನವೂ ಸಿದ್ಧವಾಯಿತು.

ನನಗೆ ಅನುಮಾನ. ಬಣ್ಣ ಅಂಗಾಂಶದ ಮೇಲ್ಭಾಗಕ್ಕಷ್ಟೇ ಇಳಿಯುತ್ತದೆ. ಕಪ್ಪು ಮುಗಿದಲ್ಲಿ ತುದಿಯೂ ಮುಗಿಯಿತೆಂದು ಇವರು ಎಣಿಕೆ ನಿಲ್ಲಿಸಿದ್ದರು. ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆಳದ ಹೋಳುಗಳನ್ನು ನೋಡಿದೆ.

"ಸಾರ್, ಬಣ್ಣ ನಿಂತಿದೆ, ನರ ನಿಂತಿಲ್ಲ."

"ನೀವು ಕತ್ತರಿಸಿ ಕೊಡಿ, ಸಾಕು. ಅರ್ಥ ಮಾಡ್ಕೊಳ್ಳೋಕೆ ನಾವಿದ್ದೀವಿ."

ಸಿಟ್ಟು ನೆತ್ತಿಗೇರಿತು. ಕಂಡದ್ದು ಕಂಡಂತೆ ಹೇಳಿದರೆ ಕೆಂಡದಂಥ ಕೋಪ ಅಂತಾರಲ್ಲ. ಇಲ್ಲಿ ಕೋಪ ಬರಬೇಕಾದದ್ದು ನನಗೆ.

ಶುಕ್ರವಾರದ ಸಭೆಯಲ್ಲಿ ಅವರ ಭಾಷಣ ಮುಗಿದದ್ದೇ ತಡ, ನನ್ನ ಲ್ಯಾಪ್‌ಟಾಪ್ ಪರದೆಗೆ ಜೋಡಿಸಿದೆ.

"ನಿಮ್ಮ ಕೆಲಸ ಮುಂದುವರಿಸೋ ಕಾಗದ ನನ್ನ ಸಹಿಗೆ ಕಾಯ್ತಿದೆ, ನೆನಪಿದೆ ತಾನೆ?" ಎಂದರು ಪ್ರೊಫೆಸರ್, ಎಲ್ಲರ ಎದುರಿಗೇ.

"ಕಾಯ್ಲಿ ಬಿಡಿ ಸಾರ್. ಮೊದಲು ನಲವತ್ತೊಂದನೇ ಹೋಳು ನೋಡಿ."

ಅದರಲ್ಲಿ ತುದಿ ಕಡುಗಪ್ಪು. ನಲವತ್ತನಾಲ್ಕರಲ್ಲಿ ಬೂದು. ನಲವತ್ತೇಳರಲ್ಲಿ ಬಣ್ಣವೇ ಇಲ್ಲ, ಆದರೆ ಪೊರೆ ಅದೇ, ಒಳಗೆ ತುಂಬಿದ ಗುಳ್ಳೆಗಳೂ ಅವೇ. ಅದರ ಒತ್ತಿಗೆ ಪಕ್ಕದ ಕೋಶದ ಅಂಚಿನಲ್ಲಿ ದಪ್ಪನೆಯ ಗೆರೆ.

"ಬೆಸುಗೆ ಇದೆ," ಎಂದಳು ಮುಂದಿನ ಸಾಲಿನ ಸಂಶೋಧಕಿ.

"ಎಲ್ಲೋ ಒಂದು ಸಿಕ್ಕೇ ಸಿಗುತ್ತೆ," ಎಂದು ಪ್ರೊಫೆಸರ್ ದೀಪ ಹಾಕಲು ಎದ್ದರು.

"ದೀಪ ಹಾಕ್ಬೇಡಿ ಸಾರ್," ಎಂದೆ. ನನ್ನ ದನಿ ನನಗೇ ಹೊಸದೆನಿಸಿತು. "ಇಂಥ ತುದಿಗಳು ಇನ್ನೂ ಅರವತ್ತೆರಡಿವೆ. ಕೂತ್ಕೊಳ್ಳಿ."

ಅವರು ಕೂತರು.