ಚಿಕ್ಕಿ ಬಿಲ್ಲೆ

ಶ್ರಾವಣದ ಮಳೆ ಹಿಡಿದಿತ್ತು. ಗೋರೆಗಾಂವಿನ ಫ್ಲ್ಯಾಟಿನಲ್ಲಿ ಅಡುಗೆಯ ಕಸ್ತೂರಿಬಾಯಿ ರೊಟ್ಟಿ ಬಡಿಯುತ್ತಿದ್ದಳು. ತನ್ನ ಪುಟ್ಟ ಮಗಳು ಥೀಮ್ ಪಾರ್ಕಿನಲ್ಲಿ ತಿಂದ ಚುರೋಸ್ ಕರಿಯಲು ಒಡತಿ ಪ್ರಿಯಂವದಾ ಮೈದಾಹಿಟ್ಟನ್ನು ದುಂಡು ತೂತಿನ ಬಿಲ್ಲೆ ಹಾಕಿದ ಚಕ್ಕಲಿ ಒರಳಿಗೆ ತುಂಬುತ್ತಿದ್ದಳು.

“ಅಕ್ಕಾರ, ದುಂಡು ತೂತಿಂದು ಎಣ್ಯಾಗ ಸಿಡಿತೈತಿ. ಚಿಕ್ಕಿ ಬಿಲ್ಲಿ ಹಾಕ್ರಿ.”

“ಚಿಕ್ಕಿನಾ? ಇದು ಲೋಣಾವಳದ ಶೇಂಗಾ ಮಿಠಾಯಿ ಅಲ್ಲ ಕಣೇ, ಫಾರಿನ್ ತಿಂಡಿ. ಸುಮ್ನಿರು.”

ಕಸ್ತೂರಿಯ ಸೀಮೆಯಲ್ಲಿ ಚಿಕ್ಕಿ ಎಂದರೆ ನಕ್ಷತ್ರ. ಇಂಥವಳಿಗೆ ಬಿಡಿಸಿ ಹೇಳುವುದೂ ದಂಡವೆಂದು ಅವಳು ಒಲೆಯ ಬಳಿ ನಿಂತಿದ್ದ ಮಗುವನ್ನು ಬಾಗಿಲಾಚೆ ಎಳೆದುಕೊಂಡಳು. ಚುರೋಸ್ ಪಟಪಟನೆ ಸಿಡಿದು ಗೋಡೆಯೆಲ್ಲ ಎಣ್ಣೆಯಾಯಿತು.

ಆಮೇಲೆ ಕಸ್ತೂರಿಯೇ ನಕ್ಷತ್ರದ ಬಿಲ್ಲೆ ಹಾಕಿ ಕರಿದು ಸಕ್ಕರೆಯಲ್ಲಿ ಹೊರಳಿಸಿದಳು. “ಸೇಮ್ ಪಾರ್ಕಿಂದೇ!” ಎಂದಿತು ಮಗು. ಪ್ರಿಯಂವದಾ ಫೋಟೊ ತೆಗೆದು, “ನಾನೇ ಮಾಡಿದ್ದು” ಎಂದು ಗೆಳತಿಯರಿಗೆ ಕಳಿಸಿದಳು. ಕಸ್ತೂರಿಗೆ ಸಲ್ಲಬೇಕಿದ್ದ ಒಂದು ಒಳ್ಳೆಯ ಮಾತು ಬಾಕಿಯೇ ಉಳಿಯಿತು.

“ಗ್ವಾಡಿ ನೀವ ಒರಸ್ರಿ, ನನಗ ಲೋಕಲ್ ರೈಲು ತಪ್ಪತೈತಿ,” ಎಂದು ಅವಳು ಚಪ್ಪಲಿ ಮೆಟ್ಟಿದಳು.