ಹಿಂದಲೆಯ ರೋಲರ್ರು

ಕೂದಲು ಗುಂಗುರಾಗೋಕೆ ಮುಂದಲೆಗೆ ರೋಲರ್ ನಾನೇ ಸುತ್ಕೋತೀನಿ. ಹಿಂದಲೆ ಮಾತ್ರ ಮಹಾರಾಣಿ ಆದ್ರೂ ತಾನೇ ಸುತ್ಕೊಳ್ಳೋಕಾಗಲ್ಲ. ಅದಕ್ಕೇ ಐವತ್ತು ವರ್ಷ, ಶನಿವಾರ ಮಧ್ಯಾಹ್ನ ಬಂತಂದ್ರೆ ಅಕ್ಕನ ಹಿಂದಲೆ ನಾನು, ನನ್ನ ಹಿಂದಲೆ ಅಕ್ಕ. ಅವಳು ಎಡಗೈಯವಳು, ಸುರುಳಿ ಎಲ್ಲಾ ಎಡಕ್ಕೇ ತಿರುಗೋದು. ಸಿಟ್ಟು ಬಂದ್ರೆ ಎಷ್ಟು ಬಿಗಿಯಾಗಿ ಎಳೀತಿದ್ಲು ಅಂದ್ರೆ, ನನ್ನ ಹುಬ್ಬು ಹೋಗಿ ನೆತ್ತಿ ಮೇಲೆ ಕೂರೋದು. "ಏನೇ, ಮುಖಕ್ಕೆ ಇಸ್ತ್ರಿ ಮಾಡಿಸ್ಕೊಂಡು ಬಂದ್ಯಾ?" ಅನ್ನೋರು ನಮ್ಮ ಯಜಮಾನ್ರು, ಇದ್ದಾಗ.

ಅಕ್ಕ ಹೋಗಿ ನಾಲ್ಕು ತಿಂಗಳು. ಹೋಗೋ ಮುಂಚೆ ಕೈ ಹಿಡ್ಕೊಂಡು ಕೇಳಿದ್ದು ಒಂದೇ. "ನನ್ನನ್ನ ಕೆದರಿದ ತಲೇಲಿ ಕಳಿಸ್ಬೇಡ ಕಣೇ. ಸುತ್ತಿ ಕಳಿಸು."

ಆಯ್ತು ಅಂದಿದ್ದೆ. ಉಸಿರು ನಿಂತ ಮೇಲೆ ಬಾಚಣಿಗೆ, ರೋಲರ್ ಡಬ್ಬ ಹಿಡ್ಕೊಂಡು ಕೋಣೆಗೆ ಹೋದೆ, ಬಾಗಿಲು ಹಾಕ್ಕೊಂಡೆ. ಹುಲಿ ಬಾಯಿಗೆ ಕೈ ಹಾಕೋಳು ನಾನು, ಆ ತಣ್ಣಗಿನ ತಲೆ ಮುಟ್ಟೋಕೆ ಧೈರ್ಯ ಬರ್ಲಿಲ್ಲ. ತಲೆ ತುಂಬಾ ಬಟ್ಟೆ ಹೊದಿಸಿ ಆಚೆ ಬಂದು, "ಸುತ್ತಿದೆ, ಚೆನ್ನಾಗಿ ಬಂತು" ಅಂದೆ. ಯಾರೂ ತೆರೆದು ನೋಡ್ಲಿಲ್ಲ.

ಹೋದ ತಿಂಗಳು ಒಂದಿನ ಮುಂದಲೆ ಸುತ್ಕೊಂಡು ಕುರ್ಚೀಲೇ ತೂಕಡಿಸ್ದೆ. ಎಚ್ಚರ ಆಗಿ ಮುಟ್ಕೊಂಡ್ರೆ ಹಿಂದಲೆ ತುಂಬಾ ರೋಲರ್ರು!

"ಲೇ, ನೀನು ಸುತ್ತಿದ್ಯಾ?" ಅಂತ ಸೊಸೆನ ಕೇಳ್ದೆ.

"ನಿಮ್ಮ ತಲೆ ಮುಟ್ಟಿ ಬೈಸ್ಕೊಳ್ಳೋಕೆ ನಂಗೇನು ಹುಚ್ಚಾ ಅತ್ತೆ?"

ಬಿಚ್ಚಿದ್ಲು. ಸುರುಳಿ ಎಲ್ಲಾ ಎಡಕ್ಕೆ.

ಮುಂದಿನ ವಾರ ಬಿಗಿ ಜಾಸ್ತಿ. ಅದರ ಮುಂದಿನ ವಾರ ಕಣ್ರೆಪ್ಪೆ ಮುಚ್ಚೋಕೂ ಆಗದಷ್ಟು. ಸೊಸೆ ಬಿಚ್ಚೋಕೆ ಹೋದ್ರೆ ಕೂದಲಿನ ಜೊತೆ ಚರ್ಮಾನೂ ಬಂತು.

"ಅತ್ತೆ, ಇನ್ನೊಂದು ವಾರ ಹೀಗಾದ್ರೆ ತಲೆಬುರುಡೆನೇ ಕಿತ್ಕೊಂಡು ಬರತ್ತೆ. ಬೋಳಿಸ್ಬಿಡಿ."

"ಬೋಳಿಸಿದ್ರೆ ಅವಳು ಕಿವಿ ಸುತ್ತುತಾಳೆ ಕಣೇ."

ಇಬ್ಬರಿಗೂ ನಗು ಬರ್ಲಿಲ್ಲ.

ಮೊನ್ನೆ ಶನಿವಾರ ನನ್ನ ತಲೆ ತಂಟೆಗೇ ಹೋಗ್ಲಿಲ್ಲ. ಕುರ್ಚಿ ಮುಂದೆ ಅಕ್ಕ ಕೂರ್ತಿದ್ದ ಗಿಡ್ಡ ಸ್ಟೂಲ್ ಎಳ್ಕೊಂಡು, ಬಾಚಣಿಗೆ ನೀರಿಗೆ ಅದ್ದಿದೆ. "ಬಾರೇ ಅಕ್ಕ. ನಾನು ಸುಳ್ಳು ಹೇಳ್ದೆ. ಈಗ ಸುತ್ತುತೀನಿ, ಬಾ." ಬರೀ ಗಾಳೀಲಿ ಬಾಚ್ದೆ. ಮೂರನೇ ಸಲಕ್ಕೆ ಬಾಚಣಿಗೆ ಸಿಕ್ಕಿಗೆ ಸಿಕ್ಕಿ ನಿಂತ್ಕೊಳ್ತು.

ಕೈ ಇಟ್ಟೆ. ತಲೆ. ಕಣ್ಣಿಗೆ ಏನೂ ಇಲ್ಲ, ಕೈಗೆ ಮಾತ್ರ ಒದ್ದೆ ಕೂದಲು, ಕೆಳಗೆ ಕಲ್ಲಿನ ಹಾಗೆ ತಣ್ಣಗೆ. ಕೈ ಕಿತ್ಕೊಂಡು ಓಡಿಹೋಗೋಣ ಅನ್ನಿಸ್ತು. ಓಡ್ಲಿಲ್ಲ. ಎಳೆ ಎಳೆ ಬಿಡಿಸಿ, ಸುತ್ತಿ, ಪಿನ್ನು ಸಿಕ್ಕಿಸ್ತಾ ಹೋದೆ. ರೋಲರ್ರು ಗಾಳೀಲೇ ಸಾಲಾಗಿ ನಿಂತ್ವು.

"ಬಿಗಿ ಆಯ್ತೇನೇ?"

ಇಲ್ಲ ಅಂತ ತಲೆ ಅಲ್ಲಾಡ್ತು. ಆಮೇಲೆ ಮೆಲ್ಲಗೆ ನನ್ನ ಮಂಡಿಗೆ ಒರಗಿಕೊಳ್ತು.

ಒಣಗೋ ಮುಂಚೆ ಬಿಚ್ಚಿದ್ರೆ ಮಾಡಿದ್ದೆಲ್ಲಾ ದಂಡ. ಕಾಯ್ತಾ ಇದೀನಿ. ಇವತ್ತು ಸೋಮವಾರ. ಕೂದಲು ಇನ್ನೂ ತೊಟ್ಟಿಕ್ತಾನೇ ಇದೆ.

"ಅತ್ತೆ, ಇನ್ನಾದ್ರೂ ಏಳ್ತೀರಾ?" ಸೊಸೆ ಬಾಗಿಲಾಚೆಯಿಂದಲೇ ಕೇಳ್ತಾಳೆ.

"ಏಳ್ತೀನಿ ಕಣೇ, ಕಾಲು ಜೋಮು ಹಿಡಿದಿದೆ. ಮೊದ್ಲು ಆ ಫ್ಯಾನ್ ಇನ್ನೊಂಚೂರು ಜೋರು ಮಾಡು."